ಬ್ಯಾಟರಿಗೆ ಮೊದಲು ಮನೆಯ ಸಾಕೆಟ್ ನೋಡಿ: ವಿದ್ಯುತ್ ಕಾರಿನ ಬಗ್ಗೆ ಓದುಗರ ಪ್ರಶ್ನೆಗಳು

ವಿದ್ಯುತ್ ಕಾರು ಕೊಂಡವರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಬ್ಯಾಟರಿ ಕೆಟ್ಟಿತೇನೋ ಎಂಬ ಆತಂಕದಿಂದಲೇ ಆರಂಭವಾಗುತ್ತವೆ. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಆ ಬ್ಯಾಟರಿಯದ್ದೇ ಆಗಿರುವುದರಿಂದ ಆತಂಕ ಸಹಜ. ಆದರೆ ಬರೆದು ಕಳಿಸಿದ ಲಕ್ಷಣಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ದೋಷ ಮನೆಯ ವೈರಿಂಗಿನಲ್ಲೋ, ಬಾನೆಟ್ಟಿನಡಿ ಕುಳಿತಿರುವ 12 ವೋಲ್ಟಿನ ಸಣ್ಣ ಬ್ಯಾಟರಿಯಲ್ಲೋ, ನಾವು ಓಡಿಸುವ ರೀತಿಯಲ್ಲೋ ಸಿಕ್ಕಿಬಿಡುವುದೇ ಹೆಚ್ಚು. ಈ ಸಲ ಆಯ್ದುಕೊಂಡ ಪ್ರಶ್ನೆಗಳಲ್ಲಿ ಬಹುಪಾಲು ಅಂಥವೇ ಆಗಿವೆ.

ಪ್ರಶ್ನೆ: ನಮ್ಮದು ತೋಟದ ಮನೆ. ಹೊಸ ಕಾರು ಪೇಟೆಯಲ್ಲಿರುವ ತಮ್ಮನ ಮನೆಯಲ್ಲಿ ಸರಾಗವಾಗಿ ಚಾರ್ಜ್ ಆಗುತ್ತದೆ. ನಮ್ಮಲ್ಲಿ ಪ್ಲಗ್ ಹಾಕಿದ ಕೂಡಲೇ ಚಾರ್ಜರ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತದೆ. ಶೋರೂಮಿನವರು ‘ದೋಷ ನಿಮ್ಮ ಮನೆಯದು’ ಎನ್ನುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ ‘ಪಂಪ್ ಓಡುತ್ತಿದೆ, ಫ್ರಿಜ್ ಓಡುತ್ತಿದೆ, ಲೈನಿನಲ್ಲಿ ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ಯಾರನ್ನು ನಂಬಬೇಕು?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಂಪಿಗಾಗಲಿ ಫ್ರಿಜ್ಜಿಗಾಗಲಿ ಅರ್ಥಿಂಗ್ ಇದೆಯೇ ಇಲ್ಲವೇ ಎಂದು ತಿಳಿಯುವ ವ್ಯವಸ್ಥೆಯಿಲ್ಲ. ಫೇಸ್ ಮತ್ತು ನ್ಯೂಟ್ರಲ್ ಸಿಕ್ಕರೆ ಅವು ಓಡುತ್ತವೆ. ಕಾರಿನ ಚಾರ್ಜರ್ ಪೆಟ್ಟಿಗೆ ಹಾಗಲ್ಲ. ಅದು ಕಾರಿಗೆ ವಿದ್ಯುತ್ ಬಿಡುವ ಮೊದಲು ಅರ್ಥಿಂಗ್ ತಂತಿ ನಿಜಕ್ಕೂ ಭೂಮಿಯನ್ನು ಮುಟ್ಟಿದೆಯೇ ಎಂದು ಪರೀಕ್ಷಿಸುತ್ತದೆ, ಸಮಾಧಾನವಾಗದಿದ್ದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಮಳೆಯಲ್ಲಿ ನೆನೆದ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ಕಾರಿನ ಬಾಗಿಲು ಮುಟ್ಟುವವರ ಜೀವ ಉಳಿಯಬೇಕೆಂದೇ ಆ ಪರೀಕ್ಷೆಯನ್ನು ಇಟ್ಟಿರುವುದು.

ಎಲೆಕ್ಟ್ರಿಷಿಯನ್ನರಿಗೆ ಮಲ್ಟಿಮೀಟರ್ ತರಲು ಹೇಳಿ, ಚಾರ್ಜಿಂಗ್ ಸಾಕೆಟ್ಟಿನಲ್ಲಿಯೇ ಮೂರು ಅಳತೆಗಳನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಬೆರಳೆಣಿಕೆಯ ವೋಲ್ಟ್ ಮಾತ್ರ ಇರಬೇಕು. ಎರಡನೆಯ ಅಳತೆ 230ರ ಬದಲು ನೂರೋ ನೂರೈವತ್ತೋ ತೋರಿಸಿದರೆ, ಅಥವಾ ಮೀಟರಿನ ಅಂಕೆ ನಿಲ್ಲದೆ ಓಲಾಡಿದರೆ, ಸಾಕೆಟ್ಟಿನಲ್ಲಿ ಮೂರನೆಯ ತೂತು ಇದೆಯೇ ಹೊರತು ಅದರ ಹಿಂದೆ ಭೂಮಿ ಇಲ್ಲ ಎಂದು ತಿಳಿಯಬೇಕು. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಗುಂಡಿಯನ್ನು ಮನೆ ಕಟ್ಟಿಸಿದ ವರ್ಷ ತೋಡಿ ಅನಂತರ ಮರೆತಿರುತ್ತಾರೆ. ಅದರೊಳಗಿನ ಪೈಪ್ ತುಕ್ಕು ಹಿಡಿದು ತಂತಿ ಕಳಚಿಕೊಂಡಿರುವುದು ಬಹಳ ಸಾಮಾನ್ಯ. ನಿಮ್ಮ ಸೀಮೆಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಪರಿಹಾರ ದೊಡ್ಡ ಖರ್ಚಿನದ್ದಲ್ಲ. ಚಾರ್ಜಿಂಗ್ ಜಾಗಕ್ಕೆ ಹತ್ತಿರದಲ್ಲಿ, ಸಾಧ್ಯವಾದರೆ ಬಚ್ಚಲು ನೀರು ಹರಿದು ನೆಲ ತೇವವಾಗಿರುವ ಕಡೆ, 2.5 ಮೀಟರ್ ಉದ್ದದ ಜಿಐ ಪೈಪ್ ನಿಲ್ಲುವಷ್ಟು ಆಳದ ಗುಂಡಿ ತೋಡಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿ, ಮೇಲೆ ನೀರು ಹಾಕಲು ಬಾಯಿ ಬಿಡಿಸಿ. ನೆಲ ತೀರಾ ಒಣ ಜಾತಿಯದಾದರೆ ಉಪ್ಪು–ಇದ್ದಿಲಿನ ಬದಲು ಬೆಂಟೊನೈಟ್ ಪುಡಿ ತುಂಬುವ, ಅಂಗಡಿಯವರು ಕೆಮಿಕಲ್ ಅರ್ಥಿಂಗ್ ಎಂದು ಕರೆಯುವ ವಿಧಾನ ಮೇಲು. ಕೆಲಸ ಮುಗಿದ ಮೇಲೆ ಅರ್ಥ್ ಟೆಸ್ಟರಿನಿಂದ ಅಳೆಸಿ, ರೋಧ 5 ಓಮ್‌ಗಿಂತ ಕಡಿಮೆ ಇರುವುದನ್ನು ಖಚಿತಪಡಿಸಿಕೊಳ್ಳಿ. ಮಾರ್ಚ್ ತಿಂಗಳಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಆ ಗುಂಡಿಗೆ ಒಂದೆರಡು ಕೊಡ ನೀರು ಸುರಿಯುವುದನ್ನು ರೂಢಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕೆಂಪು ದೀಪ ಆರಿಸಲು ಕೆಲವರು ಸಾಕೆಟ್ಟಿನೊಳಗೆ ಒಂದು ತುಂಡು ತಂತಿಯಿಂದ ನ್ಯೂಟ್ರಲ್ ಮತ್ತು ಅರ್ಥಿಂಗ್ ಎರಡನ್ನೂ ಜೋಡಿಸಿಬಿಡುತ್ತಾರೆ. ಪೆಟ್ಟಿಗೆ ಮೋಸಹೋಗಿ ಹಸಿರು ದೀಪ ತೋರಿಸಬಹುದು, ಕಾರೂ ಚಾರ್ಜ್ ಆಗಬಹುದು. ಆದರೆ ಗಾಳಿಮಳೆಗೆ ಕಂಬದಿಂದ ಬರುವ ನ್ಯೂಟ್ರಲ್ ತಂತಿ ತುಂಡಾದ ದಿನ ಮನೆಯೊಳಗೆ ಉರಿಯುತ್ತಿರುವ ದೀಪ, ಫ್ಯಾನುಗಳ ಮೂಲಕ ಹರಿದ ವಿದ್ಯುತ್ ಆ ತುಂಡು ತಂತಿ ದಾಟಿ ನೇರವಾಗಿ ಕಾರಿನ ಮೈಗೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಂತಿ ಹರಿಯುವುದು ಅಪರೂಪದ ಸಂಗತಿಯೇನಲ್ಲ. ಯಾರೇ ಈ ಉಪಾಯ ಸೂಚಿಸಿದರೂ ದಯವಿಟ್ಟು ಒಪ್ಪಬೇಡಿ, ಈಗಾಗಲೇ ಮಾಡಿಸಿದ್ದರೆ ಇಂದೇ ತೆಗೆಸಿ.

ಅರ್ಥಿಂಗ್ ಸರಿಯಾದ ಮೇಲೂ ಸಂಜೆ ಹೊತ್ತು ಚಾರ್ಜಿಂಗ್ ನಿಂತು ನಿಂತು ಬಂದರೆ ಕಾರಣ ವೋಲ್ಟೇಜ್. ಎಲ್ಲರ ಪಂಪ್ ಓಡುವ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಿಗೆ 180 ವೋಲ್ಟ್ ಬರುವುದೂ ಉಂಟು. ರಾತ್ರಿ ಹನ್ನೊಂದರ ಮೇಲೆ ಚಾರ್ಜಿಗೆ ಹಾಕಿ. ನಿಮ್ಮ ಚಾರ್ಜರಿನಲ್ಲಿ ಆಂಪಿಯರ್ ತಗ್ಗಿಸುವ ಗುಂಡಿಯಿದ್ದರೆ ತಗ್ಗಿಸಿ. ನಿಧಾನವಾದರೂ ಬೆಳಗಾಗುವುದರೊಳಗೆ ಬೇಕಾದಷ್ಟು ತುಂಬಿರುತ್ತದೆ.

ಪ್ರಶ್ನೆ: ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುತ್ತೇವೆ. ಬೆಳಿಗ್ಗೆ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಈಗ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ ಬಂದಿದೆ. ಗೀಸರಿಗೂ ಇದೇ ಸಾಕೆಟ್ ಬಳಸಿದ್ದೆವು, ಆಗ ಏನೂ ಆಗಿರಲಿಲ್ಲ.
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಆ ಸಾಕೆಟ್ಟಿನಲ್ಲಿ ಇನ್ನು ಒಂದು ರಾತ್ರಿಯೂ ಚಾರ್ಜ್ ಮಾಡಬೇಡಿ. ಗೀಸರ್ ಹದಿನೈದು ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ಅಷ್ಟರಲ್ಲಿ ಹುಟ್ಟಿದ ಬಿಸಿ ಆರಿಹೋಗುತ್ತದೆ. ಕಾರು ಬಹುತೇಕ ಅಷ್ಟೇ ಕರೆಂಟನ್ನು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಸ್ವಲ್ಪ ಸಡಿಲವಾಗಿದ್ದರೂ ಅಲ್ಲಿ ಬಿಸಿ ಕೂಡುತ್ತದೆ, ಬಿಸಿಗೆ ಹಿಡಿ ಇನ್ನಷ್ಟು ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಏರುತ್ತದೆ. ಕಂದು ಬಣ್ಣ ಎಂದರೆ ಪ್ಲಾಸ್ಟಿಕ್ ಸುಡಲು ಶುರುವಾಗಿದೆ ಎಂದರ್ಥ.

ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ ಕಾರಿಗೆಂದೇ ಪ್ರತ್ಯೇಕ ಲೈನ್ ಎಳೆಸಿ. 4 ಚದರ ಮಿ.ಮೀ. ತಾಮ್ರದ ತಂತಿ, ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ 20 ಆಂಪಿಯರಿನ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಒಳ್ಳೆಯ ದರ್ಜೆಯ 16 ಆಂಪಿಯರ್ ಸಾಕೆಟ್, ಇವಿಷ್ಟು ಬೇಕು. ಆರ್‌ಸಿಸಿಬಿ ಕೊಳ್ಳುವಾಗ ‘ಟೈಪ್ ಎ’ ಎಂದು ಕೇಳಿ ತೆಗೆದುಕೊಳ್ಳಿ. ಸಾಮಾನ್ಯವಾಗಿ ಸಿಗುವ ‘ಎಸಿ’ ಬಗೆಯದು ಚಾರ್ಜರಿನಿಂದ ಬರಬಹುದಾದ ಕೆಲವು ಬಗೆಯ ಸೋರಿಕೆಯನ್ನು ಗುರುತಿಸುವುದಿಲ್ಲ. ಕರಕಲಾದ ಸಾಕೆಟ್ಟಿನಲ್ಲಿದ್ದ ಪ್ಲಗ್ಗಿನ ಪಿನ್ನುಗಳನ್ನೂ ಪರೀಕ್ಷಿಸಿ. ಅವು ಕಪ್ಪಾಗಿದ್ದರೆ ಹೊಸ ಸಾಕೆಟ್ಟನ್ನೂ ಕೆಡಿಸುತ್ತವೆ, ಕಂಪನಿಯವರಿಂದಲೇ ಬದಲಿಸಿಕೊಳ್ಳಿ. ಎಕ್ಸ್‌ಟೆನ್ಶನ್ ಬೋರ್ಡ್ ಎಷ್ಟೇ ದಪ್ಪದ್ದಾದರೂ ಬೇಡ. ಹೊಸ ಲೈನಿನಲ್ಲಿ ಮೊದಲ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಕೈ ಹಿಂದೆಗೆಯುವಷ್ಟಿದ್ದರೆ ಎಲ್ಲೋ ಸ್ಕ್ರೂ ಬಿಗಿಯಾಗಿಲ್ಲ.

ಪ್ರಶ್ನೆ: ಮಗಳ ಮನೆಗೆಂದು ವಿದೇಶಕ್ಕೆ ಹೋಗಿ ಕೆಲವು ವಾರಗಳ ಮೇಲೆ ಮರಳಿದೆವು. ಹೊರಡುವಾಗ ಕಾರಿನ ಚಾರ್ಜ್ 62 ಪ್ರತಿಶತ ಇತ್ತು. ಬಂದು ನೋಡಿದರೆ ಬಾಗಿಲು ಕೂಡ ತೆರೆಯುತ್ತಿಲ್ಲ. ಇಷ್ಟು ದಿನದಲ್ಲಿ ಬ್ಯಾಟರಿ ಪೂರ್ತಿ ಖಾಲಿಯಾಯಿತೇ?
– ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ದೊಡ್ಡ ಬ್ಯಾಟರಿಯಲ್ಲಿ ಆ 62 ಪ್ರತಿಶತ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಸತ್ತಿರುವುದು ಸಣ್ಣದು. ವಿದ್ಯುತ್ ಕಾರಿನಲ್ಲಿಯೂ ಪೆಟ್ರೋಲ್ ಕಾರಿನಂತೆಯೇ 12 ವೋಲ್ಟಿನ ಬ್ಯಾಟರಿಯೊಂದಿದೆ. ಬಾಗಿಲಿನ ಲಾಕ್, ದೀಪ, ಪರದೆ, ಕಂಪ್ಯೂಟರುಗಳೆಲ್ಲ ನಡೆಯುವುದು ಅದರಿಂದ. ಕಾರು ನಿಂತಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯನ್ನು ಉಳಿದೆಲ್ಲ ಭಾಗಗಳಿಂದ ಬೇರ್ಪಡಿಸುವ ಸ್ವಿಚ್ಚುಗಳಿರುತ್ತವೆ. ಸ್ಟಾರ್ಟ್ ಗುಂಡಿ ಒತ್ತಿದಾಗ ಆ ಸ್ವಿಚ್ಚುಗಳನ್ನು ಮುಚ್ಚಲು ಬೇಕಾದ ಶಕ್ತಿಯೂ 12 ವೋಲ್ಟಿನಿಂದಲೇ ಬರಬೇಕು. ಸಣ್ಣದು ಖಾಲಿಯಾದರೆ ದೊಡ್ಡದು ಎಷ್ಟು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ, ಚಾರ್ಜಿಗೆ ಹಾಕಿದರೂ ಸ್ವೀಕರಿಸುವುದಿಲ್ಲ.

ರಿಮೋಟಿನೊಳಗೆ ಅಡಗಿಸಿಟ್ಟ ಲೋಹದ ಕೀಲಿಯನ್ನು ಎಳೆದು ತೆಗೆದು ಚಾಲಕನ ಬಾಗಿಲು ತೆರೆಯಿರಿ, ಬಾನೆಟ್ ಎತ್ತಿ. ನಿಮ್ಮ ಕಾರಿನ ಕೈಪಿಡಿ ಅನುಮತಿಸಿದರೆ ಜಂಪ್ ಸ್ಟಾರ್ಟರ್ ಅಥವಾ ಇನ್ನೊಂದು ಪೆಟ್ರೋಲ್ ಕಾರಿನ ಬ್ಯಾಟರಿಯಿಂದ ಕೆಲವು ನಿಮಿಷ ಶಕ್ತಿ ಕೊಟ್ಟರೆ ಸಾಕು. ಪರದೆಯ ಮೇಲೆ ‘ರೆಡಿ’ ಎಂದು ಬಂದ ಕ್ಷಣದಿಂದ ದೊಡ್ಡ ಬ್ಯಾಟರಿಯೇ ಸಣ್ಣದನ್ನು ತುಂಬತೊಡಗುತ್ತದೆ. ಒಂದು ಗಂಟೆಯಾದರೂ ಹಾಗೆಯೇ ಬಿಡಿ ಅಥವಾ ಒಂದು ಸುತ್ತು ಹೋಗಿಬನ್ನಿ. ಆದರೆ ನಿಮ್ಮ ವಿದ್ಯುತ್ ಕಾರಿನಿಂದ ಬೇರೆಯವರ ಕಾರಿಗೆ ಜಂಪ್ ಕೊಡಲು ಹೋಗಬೇಡಿ. ಪೆಟ್ರೋಲ್ ಎಂಜಿನ್ ತಿರುಗಿಸಲು ಬೇಕಾಗುವ ಭಾರೀ ಕರೆಂಟನ್ನು ಈ ವ್ಯವಸ್ಥೆ ತಾಳುವುದಿಲ್ಲ.

ನಿಂತಲ್ಲೇ ಬ್ಯಾಟರಿ ಹೀರುವವರಲ್ಲಿ ಮೊದಲನೆಯದು, ಅನಂತರ ಹಾಕಿಸಿದ ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡಿನಲ್ಲಿದ್ದರೆ ಅದು ಹಗಲೂ ರಾತ್ರಿಯೂ ಕೆಲಸ ಮಾಡುತ್ತದೆ. ಎರಡನೆಯದು ಮೊಬೈಲ್ ಆ್ಯಪ್. ಊರಿನಿಂದಾಚೆ ಕುಳಿತು ಚಾರ್ಜ್ ಎಷ್ಟಿದೆ ಎಂದು ಪದೇ ಪದೇ ನೋಡುವವರು ಪ್ರತಿ ಸಲವೂ ಕಾರನ್ನು ನಿದ್ದೆಯಿಂದ ಎಬ್ಬಿಸುತ್ತಿರುತ್ತಾರೆ. ಮುಂದಿನ ಸಲ ಹೊರಡುವ ಮುನ್ನ ಡ್ಯಾಶ್‌ಕ್ಯಾಮ್ ಕಳಚಿ, ದೊಡ್ಡ ಬ್ಯಾಟರಿಯನ್ನು ಅರ್ಧದ ಆಸುಪಾಸಿನಲ್ಲಿ ಬಿಡಿ, ನಂಬಿಕೆಯವರಿಂದ ಹತ್ತು ದಿನಕ್ಕೊಮ್ಮೆ ಕಾರನ್ನು ಒಂದು ಗಂಟೆ ‘ರೆಡಿ’ಯಲ್ಲಿ ಇರಿಸಿ. ತಿಂಗಳುಗಟ್ಟಲೆಯ ಪ್ರಯಾಣವಾದರೆ 12 ವೋಲ್ಟಿನ ನೆಗೆಟಿವ್ ತಂತಿ ಕಳಚುವುದೇ ಲೇಸು. ಕಳಚಿದ ಮೇಲೆ ಬಾನೆಟ್ ಮತ್ತು ಬಾಗಿಲು ತೆರೆಯುವ ಬಗೆಯನ್ನು ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಎಚ್ಚರಿಕೆ ದೀಪಗಳು ಏಕಕಾಲಕ್ಕೆ ಉರಿದರೆ, ಪರದೆ ತಾನಾಗಿ ಆರಿ ಹತ್ತಿದರೆ, ಮೊದಲು ಸಂಶಯಪಡಬೇಕಾದುದು ಇದೇ ಬ್ಯಾಟರಿಯನ್ನು. ಪೂರ್ತಿ ತುಂಬಿ ಕೆಲಕಾಲ ಸುಮ್ಮನಿದ್ದ ಮೇಲೆ ಅದು 12.6 ವೋಲ್ಟಿನಷ್ಟು ತೋರಬೇಕು. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಮೂರು ನಾಲ್ಕು ವರ್ಷ ದಾಟಿದ್ದರೆ ಕೈಕೊಡುವವರೆಗೆ ಕಾಯದೆ ಬದಲಿಸಿಬಿಡಿ.

ಪ್ರಶ್ನೆ: ನಮ್ಮ ಮನೆ ಮಡಿಕೇರಿಯಲ್ಲಿ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಮಂಗಳೂರಿಗೆ ಇಳಿಯುವಾಗ, ಕಾಲು ತೆಗೆದರೂ ಕಾರು ಎಂದಿನಂತೆ ಹಿಡಿದುಕೊಳ್ಳುವುದಿಲ್ಲ, ಬ್ರೇಕ್ ತುಳಿಯುತ್ತಲೇ ಇರಬೇಕು. ಸಂಜೆ ಹತ್ತುವಾಗಲಂತೂ ಪರದೆಯ ಕಿಲೋಮೀಟರ್ ಕಣ್ಣೆದುರೇ ಕರಗುತ್ತದೆ. ಮೋಟಾರಿನಲ್ಲಿ ದೋಷವೇ?
– ಕಾಫಿ ಬೆಳೆಗಾರರು, ಮಡಿಕೇರಿ

ಉತ್ತರ: ಮೋಟಾರ್ ಆರೋಗ್ಯವಾಗಿದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಕಾರು ಹಿಡಿದುಕೊಳ್ಳುವುದು ಮೋಟಾರು ಜನರೇಟರಾಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುವುದರಿಂದ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ವಿದ್ಯುತ್ತಿಗೆ ಜಾಗವೇ ಇಲ್ಲ. ಕಾರಿನ ಕಂಪ್ಯೂಟರ್ ಜನರೇಟರನ್ನು ತಡೆಯುತ್ತದೆ, ಭಾರವೆಲ್ಲ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ. ಸಂಪಾಜೆಯ ತಿರುವುಗಳಲ್ಲಿ ಇದು ಅಪಾಯಕರ, ಏಕೆಂದರೆ ಬಿಡದೆ ತುಳಿದ ಬ್ರೇಕ್ ಕಾಯುತ್ತದೆ, ಕಾದ ಬ್ರೇಕಿನ ಹಿಡಿತ ಸಡಿಲವಾಗುತ್ತದೆ.

ಲೆಕ್ಕ ನೋಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಮಂಗಳೂರು ಕಡಲ ದಂಡೆಯಲ್ಲಿದೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ರಸ್ತೆಯ ಘರ್ಷಣೆ ಮತ್ತು ಗಾಳಿಯ ತಡೆ ಬಿಟ್ಟು, ಎತ್ತುವುದಕ್ಕೆಂದೇ ಸುಮಾರು 5.3 ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿದರೆ ಆರು ಯೂನಿಟ್. ಬಯಲಿನಲ್ಲಿ ಯೂನಿಟ್ಟಿಗೆ ಏಳು ಕಿಲೋಮೀಟರ್ ಕೊಡುವ ಕಾರಿಗೆ ಇದು ನಲವತ್ತು ಕಿಲೋಮೀಟರಿನ ಓಟಕ್ಕೆ ಸಮ. ಸಂಜೆ ಕರಗುವುದು ಆ ನಲವತ್ತು. ಇಳಿಯುವಾಗ ಅದರಲ್ಲಿ ಒಂದಷ್ಟು ಪಾಲು ಪುಕ್ಕಟೆಯಾಗಿ ಮರಳಿ ಸಿಗಬೇಕಿತ್ತು; ತುಂಬಿದ ಬ್ಯಾಟರಿಯೊಂದಿಗೆ ಹೊರಟು ನೀವು ಅದನ್ನು ಬ್ರೇಕಿನಲ್ಲಿ ಸುಡುತ್ತಿದ್ದೀರಿ.

ಘಟ್ಟದ ಮೇಲೆ ಮನೆಯಿರುವವರು ಇಳಿಯುವ ಹಿಂದಿನ ರಾತ್ರಿ ಚಾರ್ಜನ್ನು 80–85 ಪ್ರತಿಶತಕ್ಕೆ ನಿಲ್ಲಿಸಬೇಕು. ಇಳಿಜಾರು ಶುರುವಾಗುವ ಮೊದಲೇ ರೀಜನ್ ಮಟ್ಟವನ್ನು, ಅಂದರೆ ಕಾಲು ತೆಗೆದಾಗ ಮೋಟಾರು ಹಿಡಿದುಕೊಳ್ಳುವ ಬಲವನ್ನು, ಗರಿಷ್ಠಕ್ಕೆ ಇರಿಸಿ. ಪೆಟ್ರೋಲ್ ಕಾರಿನಲ್ಲಿ ಎರಡನೇ ಗೇರಿಗೆ ಇಳಿಸುತ್ತಿದ್ದ ಅಭ್ಯಾಸದ ಸ್ಥಾನದಲ್ಲಿ ಇದು ಇರಲಿ. ಹತ್ತುವ ದಿನ ಪರದೆ ತೋರಿಸುವ ಕಿಲೋಮೀಟರನ್ನು ನೆಚ್ಚದೆ, ಘಟ್ಟದ ಬುಡದಲ್ಲಿರುವಾಗ ದೂರಕ್ಕಿಂತ ನಲವತ್ತು ಐವತ್ತು ಕಿಲೋಮೀಟರ್ ಹೆಚ್ಚೇ ಕೈಯಲ್ಲಿದೆಯೇ ಎಂದು ನೋಡಿಕೊಂಡು ಮುಂದುವರಿಯಿರಿ. ಶಿರಾಡಿ, ಚಾರ್ಮಾಡಿ, ಆಗುಂಬೆ ಹತ್ತುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ, ಎತ್ತರ ಕಡಿಮೆಯಾದಷ್ಟು ಮೀಸಲೂ ಕಡಿಮೆಯಿರಲಿ.

ಪ್ರಶ್ನೆ: ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡುತ್ತದೆಂದು ಹೇಳಿ ಮಾರಿದ ಕಾರು ಹೆದ್ದಾರಿಯಲ್ಲಿ ಇನ್ನೂರನ್ನು ದಾಟುತ್ತಿಲ್ಲ. ಬ್ಯಾಟರಿಯನ್ನು ಪರೀಕ್ಷೆಗೆ ಕೊಡಬೇಕೇ?
– ವ್ಯಾಪಾರಿಯೊಬ್ಬರು, ತುಮಕೂರು

ಉತ್ತರ: ಮೊದಲು ವೇಗ ಪರೀಕ್ಷಿಸಿ. ಜಾಹೀರಾತಿನ ಅಂಕೆ ಪ್ರಯೋಗಾಲಯದ ರೋಲರುಗಳ ಮೇಲೆ ಬಂದದ್ದು. ಆ ಭಾರತೀಯ ಪರೀಕ್ಷಾಕ್ರಮದಲ್ಲಿ ವೇಗ ಗಂಟೆಗೆ 90 ಕಿಲೋಮೀಟರನ್ನು ದಾಟುವುದೇ ಇಲ್ಲ, ಬಹುಭಾಗ ಅದಕ್ಕಿಂತ ಬಹಳ ಕಡಿಮೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯನ್ನು ತಳ್ಳಲು ವ್ಯಯವಾಗುವ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಮ್ಮೆ 100ರಲ್ಲಿಯೂ ಇನ್ನೊಮ್ಮೆ 80ರಲ್ಲಿಯೂ ಹೋಗಿ, ಪ್ರತಿ ಸಲ ಎಷ್ಟು ಪ್ರತಿಶತ ಇಳಿಯಿತೆಂದು ಬರೆದಿಟ್ಟುಕೊಂಡರೆ ಉತ್ತರ ನಿಮಗೇ ಸಿಗುತ್ತದೆ. ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲಿ ಅಳೆಸಿ. ಮೂಲ ಟೈರು ಸವೆದು ಬೇರೆ ಹಾಕಿಸಿದ್ದರೆ ಅದೂ ಕಾರಣವಾಗಿರಬಹುದು, ಏಕೆಂದರೆ ಉರುಳುವಾಗ ಕಡಿಮೆ ತಡೆಯೊಡ್ಡುವ ಟೈರುಗಳನ್ನು ಕಂಪನಿಯವರು ಆಯ್ದು ಹಾಕಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಾರು ಮಾರುವವರು ಹೆದ್ದಾರಿಯ ಅಂಕೆಯನ್ನು ಬೇರೆಯಾಗಿ, ದೊಡ್ಡ ಅಕ್ಷರದಲ್ಲಿ ಹೇಳಬೇಕು. ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.

ಪ್ರಶ್ನೆ: ಚಾರ್ಜ್ 18 ಪ್ರತಿಶತ ತೋರಿಸುತ್ತಿದ್ದದ್ದು ಒಂದು ಸೇತುವೆ ದಾಟುವಷ್ಟರಲ್ಲಿ 7ಕ್ಕೆ ಇಳಿಯಿತು. ‘ದಿನವೂ 80ಕ್ಕೆ ನಿಲ್ಲಿಸಿ, ಬ್ಯಾಟರಿ ಬಾಳುತ್ತದೆ’ ಎಂದು ಕೇಳಿ ಎರಡು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ. ಆದರೂ ಹೀಗೇಕೆ?
– ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ನಿಮ್ಮ ಕಾರಿನದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯಾಗಿದ್ದರೆ, ಹೀಗಾಗಿರುವುದು ಬಹುಶಃ ಆ ಶಿಸ್ತಿನಿಂದಲೇ. ಎಲ್‌ಎಫ್‌ಪಿ ಕೋಶದ (ಬ್ಯಾಟರಿಯೊಳಗಿನ ಒಂದೊಂದು ಸೆಲ್ಲಿನ) ವೋಲ್ಟೇಜ್ ಸರಿಸುಮಾರು 20ರಿಂದ 90 ಪ್ರತಿಶತದವರೆಗೆ ಹೆಚ್ಚು ಬದಲಾಗುವುದಿಲ್ಲ, 3.2–3.3 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಆದ್ದರಿಂದ ಒಳಗೆ ಎಷ್ಟಿದೆ ಎಂದು ಕಂಪ್ಯೂಟರ್ ನೇರವಾಗಿ ಅಳೆಯಲಾರದು. ಕಣಜದ ಬಾಗಿಲಲ್ಲಿ ಕುಳಿತು ಒಳಹೋದ ಚೀಲ, ಹೊರಬಂದ ಚೀಲಗಳ ಲೆಕ್ಕ ಬರೆಯುವವರಂತೆ, ಅದು ಹರಿದುಬಂದ ಮತ್ತು ಹರಿದುಹೋದ ಕರೆಂಟನ್ನು ಕೂಡಿ ಕಳೆಯುತ್ತಿರುತ್ತದೆ. ದಿನವೂ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ವೋಲ್ಟೇಜ್ ಥಟ್ಟನೆ ಏರಿ, ನಿಜವಾದ ನೂರು ಯಾವುದೆಂದು ತಿಳಿದು, ಲೆಕ್ಕ ಸರಿಹೊಂದುತ್ತದೆ. ಕೋಶಗಳ ನಡುವಿನ ಹೆಚ್ಚುಕಡಿಮೆ ಸಮನಾಗುವುದೂ ಸಾಮಾನ್ಯವಾಗಿ ಆಗಲೇ. ಎರಡು ವರ್ಷ ನೂರಕ್ಕೆ ಹೋಗದ ಬ್ಯಾಟರಿಯಲ್ಲಿ ಆ ಅವಕಾಶವೇ ಬಂದಿಲ್ಲ.

ಮನೆಯ ನಿಧಾನದ ಚಾರ್ಜರಿನಲ್ಲಿ 100ರವರೆಗೆ ತುಂಬಿ, 100 ತೋರಿಸಿದ ಮೇಲೂ ಗನ್ (ಕಾರಿಗೆ ಸಿಕ್ಕಿಸುವ ಚಾರ್ಜರಿನ ತುದಿ) ತೆಗೆಯದೆ, ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ಕೊನೆಯಲ್ಲಿ ಒಂದೆರಡು ಗಂಟೆ ಹೆಚ್ಚು ಹಿಡಿದರೆ ಗಾಬರಿ ಬೇಡ. ಕೆಲವು ವಾರ ಹೀಗೆ ಮಾಡಿ, ಅನಂತರ ಕೈಪಿಡಿ ಹೇಳಿದಷ್ಟು ದಿನಕ್ಕೊಮ್ಮೆ ಮುಂದುವರಿಸಿ. ಆಗಲೂ ಅಂಕೆ ಜಿಗಿದರೆ ಸರ್ವಿಸ್ ಸೆಂಟರಿನಲ್ಲಿ ಕೋಶಗಳ ವೋಲ್ಟೇಜ್ ವ್ಯತ್ಯಾಸದ ವರದಿಯನ್ನು ಮುದ್ರಿಸಿ ಕೊಡುವಂತೆ ಬರವಣಿಗೆಯಲ್ಲಿ ಕೇಳಿ. ಒಂದು ಕೋಶ ಉಳಿದವಕ್ಕಿಂತ ಬೇಗ ಕುಸಿಯುತ್ತಿದ್ದರೆ ಅದು ವಾರಂಟಿಯ ವಿಷಯ. ನಮ್ಮಲ್ಲಿ ಸಾಮಾನ್ಯವಾಗಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ. ನಿಮ್ಮ ಪತ್ರದಲ್ಲಿ ಏನಿದೆ ಎಂದು ನೋಡಿಕೊಳ್ಳಿ.

80ರ ನಿಯಮ ಸುಳ್ಳಲ್ಲ. ನಿಕಲ್–ಮ್ಯಾಂಗನೀಸ್–ಕೋಬಾಲ್ಟ್ ಬಗೆಯ ಬ್ಯಾಟರಿಗೆ ಅದು ಸರಿಯಾದ ಮಾತು. ಯಾವ ಬಗೆಯದೆಂದು ತಿಳಿಯದೆ ಒಬ್ಬರ ನಿಯಮವನ್ನು ಇನ್ನೊಬ್ಬರು ಪಾಲಿಸುವುದರಿಂದ ತೊಂದರೆಯಾಗುತ್ತಿದೆ.

ಪ್ರಶ್ನೆ: ಹೆದ್ದಾರಿಯ ಚಾರ್ಜರಿನ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಾರಿಗೆ 20 ಕೂಡ ಬರಲಿಲ್ಲ. ಹಣ ಪೂರ್ತಿ ಕೊಟ್ಟೆವು.
– ಗುತ್ತಿಗೆದಾರರು, ಕಲಬುರಗಿ

ಉತ್ತರ: ಹಣ ಯೂನಿಟ್ಟಿನ ಲೆಕ್ಕದಲ್ಲಿ ಕೊಟ್ಟಿದ್ದರೆ ನಷ್ಟವಾಗಿಲ್ಲ, ಸಮಯ ಹೋಗಿದೆ ಅಷ್ಟೇ. ಬೋರ್ಡಿನ ಮೇಲಿನ ಅಂಕೆ ಯಂತ್ರದ ಗರಿಷ್ಠ ಸಾಮರ್ಥ್ಯ. ಎಷ್ಟು ತೆಗೆದುಕೊಳ್ಳಬೇಕೆಂದು ನಿರ್ಧರಿಸುವುದು ಕಾರು. ಪಕ್ಕದ ಗನ್ನಿನಲ್ಲಿ ಇನ್ನೊಂದು ಕಾರಿದ್ದರೆ ಅನೇಕ ಯಂತ್ರಗಳು ಶಕ್ತಿಯನ್ನು ಇಬ್ಬರಿಗೂ ಹಂಚುತ್ತವೆ. ಅದಕ್ಕೂ ಮಿಗಿಲಾಗಿ, ನಿಮ್ಮ ಸೀಮೆಯ 42 ಡಿಗ್ರಿ ಬಿಸಿಲಿನಲ್ಲಿ ಕಾದ ರಸ್ತೆಯ ಮೇಲೆ ವೇಗವಾಗಿ ಬಂದ ಬ್ಯಾಟರಿ ಆಗಲೇ ಬಿಸಿಯಾಗಿರುತ್ತದೆ, ಇನ್ನೂ ಬಿಸಿಯಾಗದಂತೆ ಕಾರು ತಾನೇ ಕರೆಂಟನ್ನು ತಗ್ಗಿಸುತ್ತದೆ. ನಿಲ್ದಾಣಕ್ಕೆ ಇಪ್ಪತ್ತು ಕಿಲೋಮೀಟರ್ ಇರುವಾಗಲೇ ವೇಗವನ್ನು 70ಕ್ಕೆ ಇಳಿಸಿ, 15–20 ಪ್ರತಿಶತ ಉಳಿದಿರುವಂತೆ ತಲುಪಿ, 80 ಆದ ಕೂಡಲೇ ಹೊರಡಿ. ಅಲ್ಲಿಂದ ಮುಂದೆ ಯಾವ ಕಾರಾದರೂ ನಿಧಾನವೇ, ಹಿಂದೆ ಕಾಯುವವರಿಗೂ ಅದು ಉಪಕಾರ. ಮನೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ನಡುರಾತ್ರಿಯ ನಂತರ ಚಾರ್ಜ್ ಮಾಡಿ, ಹಗಲು ನೆರಳಿನಲ್ಲಿ ನಿಲ್ಲಿಸಿ. ಪೂರ್ತಿ ತುಂಬಿದ ಬ್ಯಾಟರಿ ಸುಡುಬಿಸಿಲಿನಲ್ಲಿ ದಿನಗಟ್ಟಲೆ ನಿಂತಿರುವುದು ಅದರ ಆಯುಷ್ಯಕ್ಕೆ ಬಹಳ ಕೆಡುಕು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನೆಲಮಾಳಿಗೆಯಲ್ಲಿ ಚಾರ್ಜಿಂಗ್ ಬೇಡವೆನ್ನುತ್ತಾರೆ. ಬೆಂಕಿಯ ಭಯ ಒಂದು, ಎಲ್ಲರ ಕರೆಂಟನ್ನು ಒಬ್ಬರು ಬಳಸುತ್ತಾರೆಂಬ ಆಕ್ಷೇಪ ಇನ್ನೊಂದು.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಕೇಂದ್ರ ಇಂಧನ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕಾರಿನ ಮಾಲೀಕರು ತಮ್ಮ ಮನೆ ಅಥವಾ ಕಚೇರಿಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು. ಸಂಘದ ಸಭೆಗೆ ಈ ಮಾರ್ಗಸೂಚಿಯ ಪ್ರತಿ ಒಯ್ಯಿರಿ, ಆದರೆ ಅದನ್ನೇ ಹಿಡಿದು ವಾದಕ್ಕೆ ನಿಲ್ಲಬೇಡಿ. ನೆರೆಯವರ ಎರಡು ಆಕ್ಷೇಪಗಳೂ ಉತ್ತರ ಬಯಸುವಂಥವು. ಕರೆಂಟಿನ ಮಾತಿಗೆ ಉತ್ತರ, ನಿಮ್ಮ ಮನೆಯ ಮೀಟರಿನಿಂದಲೇ ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್ ಎಳೆಸುವುದು ಅಥವಾ ಬೆಸ್ಕಾಂನಿಂದ ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಸಂಪರ್ಕ ಪಡೆಯುವುದು, 7.2 ಕಿಲೋವ್ಯಾಟಿನ ಚಾರ್ಜರ್ ಸುಮಾರು 32 ಆಂಪಿಯರ್ ಎಳೆಯುವುದರಿಂದ ಮಂಜೂರಾದ ಲೋಡ್ ಸಾಕಾಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬೆಂಕಿಯ ಮಾತಿಗೆ ಉತ್ತರ, ಮೇಲೆ ದಾವಣಗೆರೆಯವರಿಗೆ ಹೇಳಿದ ಬಗೆಯ, ಆದರೆ ನಿಮ್ಮ ಚಾರ್ಜರ್ ಎಳೆಯುವ ಕರೆಂಟಿಗೆ ತಕ್ಕ ಅಳತೆಯ ರಕ್ಷಣೆಗಳು, ಪರವಾನಗಿ ಪಡೆದ ಗುತ್ತಿಗೆದಾರರಿಂದ ಕೆಲಸ, ಗಾಳಿಯಾಡುವ ಮತ್ತು ದ್ವಾರಕ್ಕೆ ಹತ್ತಿರದ ಜಾಗ. ಜನರೇಟರ್ ಓಡುವಾಗ ಕಾರಿನ ಲೈನ್ ತಾನಾಗಿ ಕಡಿತವಾಗುವಂತೆ ಮಾಡಿಸಿದರೆ ಡೀಸೆಲ್ ಖರ್ಚಿನ ತಕರಾರೂ ಇರುವುದಿಲ್ಲ. ಇಂದು ಒಬ್ಬರ ಕಾರಿದ್ದರೂ ಮುಂದೆ ಹಲವರದು ಬರುವುದು ಖಂಡಿತವಾದ್ದರಿಂದ, ಒಬ್ಬೊಬ್ಬರೇ ತಂತಿ ಎಳೆಯುವ ಬದಲು ಇಡೀ ಕಟ್ಟಡಕ್ಕೆ ಒಂದೇ ಯೋಜನೆ ಮಾಡಿಕೊಳ್ಳುವಂತೆ ಸಂಘವನ್ನು ಕೋರಿ.

ಪ್ರಶ್ನೆ: ಮಳೆಯಲ್ಲಿ ಚಾರ್ಜ್ ಮಾಡಬಹುದೇ? ಬೆಳಿಗ್ಗೆ ಹೊರಡುವಾಗ ಚಕ್ರದಿಂದ ಕರಕರ ಶಬ್ದ ಬರುತ್ತದೆ.
– ಓದುಗರೊಬ್ಬರು, ಉಡುಪಿ

ಉತ್ತರ: ಮಾಡಬಹುದು. ಗನ್ ಪೂರ್ತಿ ಕೂತು, ಕಾರು ಮತ್ತು ಚಾರ್ಜರ್ ಪರಸ್ಪರ ಗುರುತಿಸಿಕೊಂಡ ಮೇಲೆಯೇ ವಿದ್ಯುತ್ ಹರಿಯುತ್ತದೆ. ಗೋಡೆಯ ಸಾಕೆಟ್ ಮತ್ತು ಚಾರ್ಜರ್ ಪೆಟ್ಟಿಗೆಗೆ ಮಾತ್ರ ಮಾಡಿನ ರಕ್ಷಣೆ ಇರಲಿ, ಗನ್ ನೆಲದ ಮೇಲೆ ಬೀಳದಿರಲಿ. ಸಿಡಿಲಿನ ಹೊತ್ತಿನಲ್ಲಿ ಗೋಡೆಯ ಪ್ಲಗ್ ಕಿತ್ತುಬಿಡಿ. ನೆರೆನೀರು ಬೇರೆಯೇ ವಿಷಯ. ಬ್ಯಾಟರಿ ಪೆಟ್ಟಿಗೆಗೆ ಕೊಡುವ ಐಪಿ67 ದರ್ಜೆಯ ಅರ್ಥ ಒಂದು ಮೀಟರ್ ನೀರಿನಲ್ಲಿ 30 ನಿಮಿಷದ ಪರೀಕ್ಷೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಕಾರುಗಳು ನಿಂತಂತೆ ಕೆಸರುನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವುದಕ್ಕೆ ಅದು ಭರವಸೆಯಲ್ಲ. ನೀರು ಕಾರಿನೊಳಗೆ ಬಂದಿದ್ದರೆ ಸ್ಟಾರ್ಟ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಬೇಡಿ.

ಕರಕರ ಶಬ್ದ ಬ್ರೇಕ್ ಡಿಸ್ಕಿನ ತುಕ್ಕು. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಪ್ಯಾಡು ಡಿಸ್ಕನ್ನು ಉಜ್ಜುವುದು ಅಪರೂಪ, ಕಡಲ ಗಾಳಿಯ ಉಪ್ಪು ಅಷ್ಟರಲ್ಲಿ ತನ್ನ ಕೆಲಸ ಮಾಡಿರುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜನ್ ಶೂನ್ಯಕ್ಕೆ ಇಟ್ಟು, ಹಿಂದೆ ವಾಹನವಿಲ್ಲದಾಗ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ.

ಪ್ರಶ್ನೆ: ದಾರಿಯಲ್ಲಿ ಚಾರ್ಜ್ ಮುಗಿದು ಕಾರು ನಿಂತಾಗ ಊರಿನವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಟ್ಟರು. ಇದರಿಂದ ತೊಂದರೆಯೇನಾದರೂ ಇದೆಯೇ?
– ರೈತರು, ವಿಜಯಪುರ ಜಿಲ್ಲೆ

ಉತ್ತರ: ಇದೆ. ಮೋಟಾರಿಗೆ ಜೋಡಿಸಿದ ಚಕ್ರಗಳು ನೆಲದ ಮೇಲೆ ಉರುಳಿದರೆ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ವಿದ್ಯುತ್ ಹುಟ್ಟಿಸುತ್ತದೆ. ಅದನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಆಗ ಎಚ್ಚರವಾಗಿಲ್ಲದಿದ್ದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ವಿದ್ಯುತ್ತನ್ನು ಮಾರ್ಪಡಿಸುವ ಬೆಲೆಬಾಳುವ ಇನ್ವರ್ಟರ್ ಸುಟ್ಟುಹೋಗಬಹುದು. ರಸ್ತೆಯ ಅಂಚಿಗೆ ಸರಿಸುವಷ್ಟು ದೂರ, ನ್ಯೂಟ್ರಲ್‌ನಲ್ಲಿಟ್ಟು, ನಡೆಯುವ ವೇಗದಲ್ಲಿ ಕೈಯಿಂದ ತಳ್ಳಿದರೆ ಅಡ್ಡಿಯಿಲ್ಲ. ಅದರಾಚೆಗೆ ನಾಲ್ಕೂ ಚಕ್ರ ಮೇಲಿರುವಂತೆ ಹೊತ್ತೊಯ್ಯುವ ಲಾರಿಯನ್ನೇ ಕರೆಸಿ. ವಿಮೆ ಮಾಡಿಸುವಾಗ ರಸ್ತೆ ನೆರವಿನಲ್ಲಿ ಅಂಥ ಲಾರಿಯ ಸೌಲಭ್ಯವಿದೆಯೇ, ನಿಮ್ಮ ಊರಿನವರೆಗೂ ಅದು ಬರುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ. ನಿಮ್ಮ ಕಾರು ಈಗ ಸರಿಯಾಗಿಯೇ ಓಡುತ್ತಿದ್ದರೂ ಮುಂದಿನ ಸರ್ವಿಸಿಗೆ ಕೊಟ್ಟಾಗ ಎಳೆದ ಸಂಗತಿಯನ್ನು ಮುಚ್ಚಿಡದೆ ತಿಳಿಸಿ, ಮೋಟಾರ್ ಮತ್ತು ಇನ್ವರ್ಟರಿನ ದೋಷಸಂಕೇತಗಳನ್ನು ಓದಿಸಿ ನೋಡಿ.